ಪದಚರ್ಚೆ: ಬಿಲ್ಲು ಹಿಡಿದು ಮೀನು ಹೊಡೆಯುವುದಕ್ಕೆ ಪದ ಬೇಕು, ನಾಳೆ ಸಂಜೆಯೊಳಗೆ

ಗುರುವಾರ ಬೆಳಿಗ್ಗೆ 9.40 | ಉಡುಪಿಯಿಂದ, ಅನುವಾದ ಮಾಡುತ್ತಿರುವವಳು

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆ ಐದಕ್ಕೆ ಪುಟ ಅಚ್ಚಿಗೆ ಹೋಗಬೇಕು, ತಲೆಬರಹವೇ ಇನ್ನೂ ಕೂತಿಲ್ಲ. ಅಮೆರಿಕದ ಟೆಕ್ಸಸ್‌ನವರೊಬ್ಬರು ಬರೆದ ಪ್ರವಾಸ ಕಥನ. ಇಬ್ಬರು ಗೆಳೆಯರು ಟ್ರಿನಿಟಿ ನದಿಯಲ್ಲಿ ಒಬ್ಬೊಬ್ಬರು ಒಂದೊಂದು ಕಯಾಕಿನಲ್ಲಿ (ಕೂತು ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ) ಹೊರಟು, ರಾತ್ರಿ ಮರಳ ದಿಬ್ಬದ ಮೇಲೆ ಬಿಡಾರ ಹೂಡಿ, ಮರುದಿನ ಮಧ್ಯಾಹ್ನ ಕೆಳಗಿನ ಸೇತುವೆಯ ಹತ್ತಿರ ದಡ ಸೇರುತ್ತಾರೆ. ಹಗಲೆಲ್ಲ ಗಾಳ. ಅಲ್ಲಿಯವರೆಗೆ ನನಗೇನೂ ತೊಂದರೆಯಾಗಲಿಲ್ಲ. ಕತ್ತಲಾದ ಮೇಲೆ ಒಬ್ಬ ಬಿಲ್ಲು ಎತ್ತಿಕೊಳ್ಳುತ್ತಾನೆ, ನಾನು ಸಿಕ್ಕಿಬಿದ್ದದ್ದು ಅಲ್ಲಿ.

ಈ ಬಿಲ್ಲಿಗೆ ದಾರದ ಉರುಳೆ ಕಟ್ಟಿರುತ್ತದೆ, ದಾರದ ಇನ್ನೊಂದು ತುದಿ ಬಾಣಕ್ಕೆ. ಬಾಣಕ್ಕೆ ಗರಿ ಇಲ್ಲ, ತುದಿಯಲ್ಲಿ ಮುಳ್ಳು ಇದೆ. ನಾಟಿದರೆ ಕಳಚುವುದಿಲ್ಲ, ಎಳೆದುಕೊಳ್ಳಬಹುದು. ನೀರಿಗೆ ದೀಪದ ಬೆಳಕು ಬಿಟ್ಟು ನೋಡುತ್ತಾ ಹೋಗಿ ಗೆಂಡೆ ಮೀನನ್ನೋ, ಗಾರ್ ಎಂಬ ಉದ್ದ ಮೂತಿಯ ಮೀನನ್ನೋ ಹೊಡೆಯುತ್ತಾರೆ. ನೀರಿನೊಳಗೆ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗಿರುತ್ತದೆ. ಹಾಗಾಗಿ ಗುರಿ ಕೆಳಗಿಡಬೇಕು. ಗಾಳದ ಮೀನನ್ನು ಬಿಡಿಸಿ ಮರಳಿ ನೀರಿಗೆ ಬಿಡಬಹುದು. ಇದರಲ್ಲಿ ಆ ಮಾತಿಲ್ಲ, ಹೊಡೆದದ್ದು ಸತ್ತಂತೆಯೇ. ಲೇಖಕರು ಅದನ್ನೇ ಎರಡು ಸಲ ಹೇಳುತ್ತಾರೆ, ಅದಕ್ಕೇ ಈ ಕೆಲಸಕ್ಕೆ ಒಂದು ಗಟ್ಟಿ ಪದ ಬೇಕು.

ನಾನು "ಬಾಣಬೇಟೆ" ಎಂದು ಹಾಕಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. "ಬೋಫಿಶಿಂಗ್ ಅಂತಲೇ ಬಿಡಿ" ಎನ್ನುತ್ತಾರೆ ಸಂಪಾದಕರು. ಕಯಾಕಿಗೂ ಪದ ಇದ್ದರೆ ಹೇಳಿ. ಅದರ ಎರಡು ಕಡೆ ಅಲಗಿನ ಹುಟ್ಟಿಗೂ.

*

ಗುರುವಾರ ಬೆಳಿಗ್ಗೆ 10.15 | ಮಂಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ಬಾಣಬೇಟೆ ಸಲ್ಲದು. ಬಾಣ ಸಂಸ್ಕೃತ, ಬೇಟೆ ಕನ್ನಡ. ಶುದ್ಧ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟ. ನಿಮ್ಮದು ಎರಡೂ ಅಲ್ಲ.

ಅಂಬು ಇರುವಾಗ ಬಾಣವೇಕೆ? ಅಂಬುಬೇಟೆ ಎನ್ನಿ. ಕಯಾಕಿಗೆ "ತೊಗಲೋಡ". ಇನುಯಿಟ್ ಜನ ಅದನ್ನು ಕಟ್ಟುತ್ತಿದ್ದುದು ಕಡಲಲ್ಲಿ ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲು ಹೊದಿಸಿ. ನಮ್ಮ ತುಂಗಭದ್ರೆಯ ಹರಿಗೋಲಿಗೂ ತೊಗಲನ್ನೇ ಹೊದಿಸುತ್ತಿದ್ದರು. ಓಡ ಎಂದರೆ ದೋಣಿ, ಹಳೆಯ ಮಾತು. ತುಳುವಿನಲ್ಲಿ ಈಗಲೂ ಓಡವೇ, ತಮಿಳಿನಲ್ಲಿ ಓಡಂ.

ಇದೇ ನೆಪದಲ್ಲಿ ಇನ್ನೊಂದು. ಅಂಬಿಗ ಎಂಬ ಮಾತು ಸಂಸ್ಕೃತದ ಅಂಬು, ಅಂದರೆ ನೀರಿನಿಂದ ಬಂತು ಎಂದು ಈ ಗುಂಪಿನಲ್ಲೇ ಹಿಂದೆ ಯಾರೋ ಬರೆದಿದ್ದರು. ತಪ್ಪು. ಅಂಬಿ ಎಂದರೆ ದೋಣಿ, ಅಂಬಿಯವನು ಅಂಬಿಗ. ತಮಿಳಿನಲ್ಲೂ ಅಂಬಿ ಇದೆ, ಅಲ್ಲಿಯೂ ದೋಣಿಯೇ. ಅಂಬಿಗರ ಚೌಡಯ್ಯನ ಹೆಸರು ಹೇಳುವಾಗಲಾದರೂ ಇದು ನೆನಪಿರಲಿ.

*

ಗುರುವಾರ ಬೆಳಿಗ್ಗೆ 11.05 | ಉಡುಪಿಯಿಂದ, ಕೇಳಿದವಳು

ಮಾಷ್ಟ್ರೇ, ಇಂದಿನ ಕಯಾಕಿನಲ್ಲಿ ತೊಗಲು ಎಲ್ಲಿದೆ? ಎಲ್ಲ ಪ್ಲಾಸ್ಟಿಕ್ಕು, ಫೈಬರು. ಓದುಗರು ನಿಜವಾಗಿಯೂ ಚರ್ಮದ ದೋಣಿ ಎಂದುಕೊಂಡರೆ? ಅಂಬುಬೇಟೆಯಲ್ಲೂ ನನಗೆ ಅದೇ ಭಯ. ಅಂಬುಜ, ಅಂಬುಧಿ ಓದಿದವರಿಗೆ ಅಂಬು ಮೊದಲು ನೀರು. "ನೀರಿನ ಬೇಟೆ" ಎಂದೇ ಓದುತ್ತಾರೆ.

*

ಗುರುವಾರ ಮಧ್ಯಾಹ್ನ 12.30 | ಕೋಡಿ ಬೆಂಗ್ರೆಯಿಂದ

ಅಕ್ಕ, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಾಡದೋಣಿ. ಈಗ ತಮ್ಮ ನಾಲ್ಕು ಕಯಾಕ್ ಇಟ್ಟುಕೊಂಡು ಸ್ವರ್ಣಾ ಹೊಳೆಯಲ್ಲಿ ಜನ ಕರೆದುಕೊಂಡು ಹೋಗ್ತಾನೆ. ಅಳಿವೆ ಹತ್ತಿರ ಬೇಡ, ಸೆಳೆತ ಜಾಸ್ತಿ. ಒಳಗೆ ಕೆಮ್ಮಣ್ಣು ತೂಗುಸೇತುವೆ ಕಡೆಗೆ. ಹಾಗಾಗಿ ಎರಡು ಮಾತು ಹೇಳ್ತೇನೆ.

ನೀವು ಹುಡುಕುವ ಪದ ಸಿಕ್ಕುದಿಲ್ಲ. ಯಾಕಂದ್ರೆ ನಮ್ಮಲ್ಲಿ ಮೀನು ಹಿಡಿಯುವ ಒಂದೊಂದು ಕ್ರಮಕ್ಕೂ ಒಂದೊಂದು ಹೆಸರು ಇಲ್ಲ, ಒಂದೊಂದು ಕ್ರಿಯಾಪದ ಇದೆ. ಗಾಳ ಹಾಕುದು. ಬೀಸುಬಲೆ ಬೀಸುದು. ಕೂಳಿ ಇಡುದು. ರಂಪಣಿ ಎಳೆಯುದು. ಅಪ್ಪ ಒಂದು ದಿನವೂ "ಗಾಳ ಮೀನುಗಾರಿಕೆಗೆ ಹೋಗ್ತೇನೆ" ಅಂದದ್ದು ಕೇಳಿಲ್ಲ. "ಗಾಳಕ್ಕೆ ಹೋಗ್ತೇನೆ" ಅಷ್ಟೆ. ಇಂಗ್ಲಿಷಿನವರಿಗೆ ಎಲ್ಲದಕ್ಕೂ ಹಿಂದೆ ಒಂದು ಫಿಶಿಂಗ್ ಬೇಕು. ನಮಗೆ ಯಾಕೆ?

ರಾತ್ರಿ ಬೆಳಕು ಹಿಡಿದು ಮೀನು ಹೊಡೆಯುವುದಕ್ಕೂ ನಮ್ಮಲ್ಲಿ ಮಾತುಂಟು. ಮೊದಲ ಮಳೆಗೆ ಹೊಳೆ ನೀರು ಗದ್ದೆಗೆ ನುಗ್ಗುವಾಗ ಮೀನು ಹತ್ತಿ ಬರ್ತದೆ. ಮೊದಲು ಸೂಡಿ ಹಿಡಿದು, ಈಗ ಟಾರ್ಚ್ ಹಿಡಿದು, ಕತ್ತಿಯಲ್ಲಿ ಕಡೀತಾರೆ. ಅದಕ್ಕೆ "ಮೀನು ಕಡಿಯುದು". ನೀವು ಹೇಳಿದಿರಲ್ಲ, ಕಂಡದ್ದಕ್ಕಿಂತ ಕೆಳಗೆ ಗುರಿ ಅಂತ, ಅದು ಕತ್ತಿಗೂ ಹಾಗೆಯೇ. ಹೊಸಬರು ಮೀನಿನ ಮೇಲೆ ನೀರು ಕಡೀತಾರೆ. ಕತ್ತಿಯಲ್ಲಿ ಕಡಿದರೆ ಮೀನು ಕಡಿಯುದು, ಬಿಲ್ಲಿನಲ್ಲಿ ಹೊಡೆದರೆ ಬಿಲ್ಲಿನಲ್ಲಿ ಮೀನು ಹೊಡೆಯುದು. ಇನ್ನೆಂತ ಬೇಕು?

ಮತ್ತೆ, ಆ ಮರಳ ದಿಬ್ಬವನ್ನು ದಯವಿಟ್ಟು ಕುದ್ರು ಅಂತ ಮಾಡಬೇಡಿ. ಪೇಪರಿನವರು ಹಾಗೆ ಬರೀತಾರೆ. ಕುದ್ರು ಅಂದ್ರೆ ಹೊಳೆ ನಡುವೆ ಮಣ್ಣು ಕೂತು ತೆಂಗು ಎದ್ದ ಜಾಗ, ಪಡುಕುದ್ರು, ಉಪ್ಪಿನಕುದ್ರಿನ ಹಾಗೆ ಮನೆ ಮಠ ಇರುವಂಥದ್ದು. ಒಂದು ಮಳೆಗಾಲಕ್ಕೆ ಜಾಗ ಬದಲಿಸುವ ಮರಳು ಕುದ್ರು ಅಲ್ಲ.

*

ಗುರುವಾರ ಮಧ್ಯಾಹ್ನ 1.10 | ಮಂಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

> ಇನ್ನೆಂತ ಬೇಕು?

ಪದ ಬೇಕು. ಕೇಳಿದ್ದು ಅದನ್ನೇ. ವಾಕ್ಯ ತಲೆಬರಹವಾಗುವುದಿಲ್ಲ.

*

ಗುರುವಾರ ಮಧ್ಯಾಹ್ನ 2.20 | ಮಂಗಳೂರಿನಿಂದ, ತುಳು ನಿಘಂಟು ಕೆಲಸದಲ್ಲಿದ್ದವಳು

ಓಡಕ್ಕೆ ತುಳುವಿನ ಸಾಕ್ಷಿ ಕರೆದವರು ಬಿಲ್ಲಿಗೆ ಯಾಕೆ ಕರೆಯಲಿಲ್ಲ? ಬಿರು, ಪಗರಿ. ಬಿಲ್ಲು, ಬಾಣ. ಬಿರು ಇದ್ದಲ್ಲೇ ಬಿರುವೆರ್ ಎಂಬ ಜನದ ಹೆಸರೂ ಇದೆ, ಕನ್ನಡದಲ್ಲಿ ಬಿಲ್ಲವರು. ಈ ಊರಿನಲ್ಲಿ ಬಿಲ್ಲಿಗೆ ಬೇರು ಇಷ್ಟು ಆಳದಲ್ಲಿರುವಾಗ ಪದದಲ್ಲಿ ಬಿಲ್ಲು ಇರಲೇಬೇಕು ಎಂಬುದು ನನ್ನ ವಾದ. ಅಂಬು ಬರೀ ಹೋಗಿ ನಾಟುವ ವಸ್ತು. ಈ ಕೆಲಸದಲ್ಲಿ ದಾರ, ಉರುಳೆ ಎಲ್ಲ ಇರುವುದು ಬಿಲ್ಲಿನ ಮೇಲೆ.

ಅರಿಸಮಾಸದ ಬಗ್ಗೆ: ಬಿಲ್ವಿದ್ಯೆ ಎಂದು ಎಲ್ಲರೂ ಬರೆಯುತ್ತಾರೆ. ಬಿಲ್ ಕನ್ನಡ, ವಿದ್ಯೆ ಸಂಸ್ಕೃತ. ಅದನ್ನು ಮಾಷ್ಟ್ರು ತಿದ್ದಿಸಿದ್ದು ನೋಡಿಲ್ಲ.

ಕಯಾಕನ್ನು ಮುಟ್ಟಬೇಡಿ. ಅದು ಇಂಗ್ಲಿಷ್ ಪದವೇ ಅಲ್ಲ, ಇಂಗ್ಲಿಷಿನವರೂ ಗ್ರೀನ್‌ಲ್ಯಾಂಡಿನ ಜನರಿಂದ ಪಡೆದದ್ದು. ಕನೂ ಕೆರಿಬಿಯನ್ ದ್ವೀಪಗಳ ಜನರ ಮಾತು, ಸ್ಪ್ಯಾನಿಷ್ ಮೂಲಕ ಬಂತು. ಇಂಗ್ಲಿಷಿನ ಕ್ಯಾಟಮರಾನ್ ತಮಿಳಿನ ಕಟ್ಟುಮರ. ದೋಣಿಯ ಹೆಸರು ದೋಣಿಯ ಜೊತೆಗೇ ಊರಿಂದೂರಿಗೆ ಹೋಗುತ್ತದೆ. ನಮ್ಮ ಬಂದರಿನಲ್ಲಿ ಮಚ್ವೆ ದೋಣಿ ಬಂದಾಗ ಯಾರೂ ಹೊಸ ಪದ ಕಟ್ಟಲಿಲ್ಲ, ಪರ್ಸಿನ್ ಬಲೆಯ ಬೋಟು ಬಂದಾಗಲೂ ಇಲ್ಲ. ಮಾಷ್ಟ್ರು ಕನ್ನಡವೆಂದು ನೆಚ್ಚಿದ ದೋಣಿಯನ್ನೇ ಸಂಸ್ಕೃತದ ದ್ರೋಣಿಯ ತದ್ಭವ ಎನ್ನುತ್ತಾರೆ.

*

ಗುರುವಾರ ಮಧ್ಯಾಹ್ನ 3.00 | ಬೆಂಗಳೂರಿನಿಂದ, ಊರು ಕುಂದಾಪುರ

ನನ್ನ ಮಗಳು ಹನ್ನೆರಡರವಳು. ತೊಗಲೋಡ ಎಂದರೆ ಅವಳು ಪುಟ ಮಗುಚುತ್ತಾಳೆ. ಕಯಾಕಿಂಗ್, ಬೋಫಿಶಿಂಗ್ ಎಂದೇ ಹಾಕಿ, ಮೊದಲ ಸಲ ಬಂದಾಗ ಎರಡು ಸಾಲು ವಿವರಿಸಿ. ಓದುಗರನ್ನು ಉಳಿಸಿಕೊಳ್ಳುವುದು ಮುಖ್ಯ.

*

ಗುರುವಾರ ಸಂಜೆ 4.35 | ಮಂಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ಬೆಂಗಳೂರಿನವರಿಗೆ: ನೀವು ಉಳಿಸಿಕೊಳ್ಳಲು ಹೊರಟಿರುವುದು ಓದುಗರನ್ನೇ ಹೊರತು ಕನ್ನಡವನ್ನಲ್ಲ. ಒಂದು ಕಡೆ ಹೀಗೆ ಬಿಟ್ಟರೆ ಮರುದಿನ ಗಾಳ ಹೋಗಿ ಆಂಗ್ಲಿಂಗ್ ಬರುತ್ತದೆ. ಬಂದಾಗಿದೆ, ಹೊಳೆಬದಿಯ ಬೋರ್ಡುಗಳನ್ನು ನೋಡಿ. ಗಾಳ ಎಂಬ ಮಾತು ಬಾರದ ಮಕ್ಕಳು ಈ ಕರಾವಳಿಯಲ್ಲೇ ಇದ್ದಾರೆ. ನನಗೆ ನೋವಾಗುವುದು ಅಲ್ಲಿ. ಅದಕ್ಕೆ ವಿವರಣೆ ಕೊಟ್ಟು ಕೊಟ್ಟು ಸಾಕಾಗಿದೆ.

ತುಳು ನಿಘಂಟಿನವರಿಗೆ: ದೋಣಿ ತದ್ಭವ ಎಂದರೆ ಕನ್ನಡದ ಬಾಯಿಗೆ ಒಗ್ಗಿದ್ದು ಎಂದರ್ಥ. ಒಗ್ಗಿದ್ದಕ್ಕೆ ನನ್ನ ತಕರಾರಿಲ್ಲ, ಎಂದೂ ಇರಲಿಲ್ಲ. ಒಗ್ಗಿಸದೆ ತುರುಕುವುದಕ್ಕೆ ತಕರಾರು. ಬಸ್ಸು, ಕಾರು, ಬೋಟು ಎಂದು ಉಕಾರ ಹಚ್ಚಿಕೊಂಡಂತೆ ಕಯಾಕು ಎನ್ನಲಿ, ನಾನು ತೊಗಲೋಡವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೇಳಿದವರು ಮೊದಲ ಪತ್ರದಲ್ಲೇ "ಕಯಾಕಿನಲ್ಲಿ" ಎಂದು ವಿಭಕ್ತಿ ಹಚ್ಚಿದ್ದಾರೆ, ಕೆಲಸ ಅರ್ಧ ಮುಗಿದಿದೆ. ಕಯಾಕಿಂಗ್ ಮಾತ್ರ ಕೂಡದು. ಬಂದ ನಾಮಪದ ಇರಲಿ, ಅದರ ಕ್ರಿಯೆ ಕನ್ನಡದ್ದಾಗಲಿ.

ಬಿಲ್ವಿದ್ಯೆ ರೂಢಿ. ಬಾಣಬೇಟೆ ರೂಢಿಯಲ್ಲ. ಮುಗಿಯಿತು.

*

ಗುರುವಾರ ಸಂಜೆ 5.10 | ಕೋಡಿ ಬೆಂಗ್ರೆಯಿಂದ

> ಅದರ ಕ್ರಿಯೆ ಕನ್ನಡದ್ದಾಗಲಿ

ನಾನು ಮಧ್ಯಾಹ್ನ ಹೇಳಿದ್ದು ಅದನ್ನೇ, ಮಾಷ್ಟ್ರೇ.

ತಮ್ಮನ ಬೋರ್ಡಿನಲ್ಲೂ ಕಯಾಕಿಂಗ್ ಅಂತಲೇ ಉಂಟು. ಈ ಸಲ ಮಳೆ ಮುಗಿದು ಬಣ್ಣ ಹೊಡೆಸುವಾಗ "ಕಯಾಕಿನಲ್ಲಿ ಹೊಳೆ ಸುತ್ತಲು" ಅಂತ ಬರೆಸುವ ಅಂತ ಹೇಳಿದ್ದೇನೆ. ಅವನು ಬೈಲಿಲ್ಲ.

ಹುಟ್ಟಿನದ್ದು ಮರೆತೆ. ಹುಟ್ಟು ಸರಿ. ಎರಡು ಕಡೆ ಇದ್ದರೆ ಎರಡಲಗಿನ ಹುಟ್ಟು. ಬರೆಯುವಾಗ ಮಾತ್ರ "ಹುಟ್ಟು ಹಾಕು" ಬಿಡಿಸಿ ಬರೆಯಿರಿ. ಸೇರಿಸಿದರೆ ಅವರು ಹೊಳೆಯಲ್ಲಿ ಸಂಘ ಹುಟ್ಟುಹಾಕಿದ ಹಾಗೆ ಆಗ್ತದೆ.

*

ಗುರುವಾರ ರಾತ್ರಿ 9.20 | ಉಡುಪಿಯಿಂದ, ಕೇಳಿದವಳು

ಎಲ್ಲರಿಗೂ ಋಣಿ. ಸಂಜೆಯಿಡೀ ಕೂತು ಪುಟ ತಿದ್ದಿದೆ.

ಬೋಫಿಶಿಂಗ್ ಹನ್ನೊಂದು ಕಡೆ ಇತ್ತು. ಕೋಡಿ ಬೆಂಗ್ರೆಯ ಅಣ್ಣ ಹೇಳಿದ ಹಾಗೆ ಒಂದೊಂದನ್ನೂ ಕ್ರಿಯಾಪದ ಮಾಡುತ್ತಾ ಹೋದೆ: ಬಿಲ್ಲಿಗೆ ಹೊರಟರು, ಬಿಲ್ಲಿನಲ್ಲಿ ಹೊಡೆದ, ಹೆದೆ ಎಳೆದು ಕಾದ. ಹತ್ತು ಕಡೆ ನಾಮಪದವೇ ಬೇಕಾಗಲಿಲ್ಲ. ಉಳಿದದ್ದು ತಲೆಬರಹ.

ಆಗ ಮಾಷ್ಟ್ರ ಮೊದಲ ಪತ್ರ ಮತ್ತೊಮ್ಮೆ ಓದಿದೆ. ಅಂಬು, ಚತುರ್ಥಿಯಲ್ಲಿ ಅಂಬಿಗೆ. ಅಂಬಿ, ಅದಕ್ಕೂ ಅಂಬಿಗೆ. ಬಾಣಕ್ಕೂ ದೋಣಿಗೂ ಒಂದೇ ರೂಪ! ನೀರು ಎಂಬರ್ಥದ ಅಂಬು ಬಂದು ಸೇರಿಕೊಂಡರೂ ಈ ಕಥೆಗೆ ಕೇಡಿಲ್ಲ. ಆದ್ದರಿಂದ ತಲೆಬರಹ:

ಅಂಬಿಗೆ ಸಿಕ್ಕ ಮೀನು

ಕೆಳಗೆ ಸಣ್ಣಕ್ಷರದಲ್ಲಿ: ಟ್ರಿನಿಟಿ ನದಿಯಲ್ಲಿ ಕಯಾಕು, ಗಾಳ, ಬಿಲ್ಲು, ಕುದ್ರುವಿನಲ್ಲಿ ಒಂದು ರಾತ್ರಿ.

*

ಗುರುವಾರ ರಾತ್ರಿ 9.45 | ಮಂಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ಚೆನ್ನಾಗಿದೆ. ಹಾಗೇ ಇರಲಿ.

*

ಗುರುವಾರ ರಾತ್ರಿ 9.52 | ಕೋಡಿ ಬೆಂಗ್ರೆಯಿಂದ

ಅಕ್ಕ, ಕುದ್ರು ಅಲ್ಲ. ದಿಬ್ಬ.

*

ಗುರುವಾರ ರಾತ್ರಿ 9.58 | ಉಡುಪಿಯಿಂದ, ಕೇಳಿದವಳು

ತಿದ್ದಿದೆ. ಮರಳ ದಿಬ್ಬದಲ್ಲಿ ಒಂದು ರಾತ್ರಿ.