ತಾರಾ, ಮಾಯಾ, ಮೀರಾ, ಲೀಲಾ: ಈ ಹೆಸರುಗಳ ಮೂಲ ಒಂದೆಯೋ, ಬೇರೆ ಬೇರೆಯೋ?

ನಾಮಾನ್ವೇಷಿ:
ಯಾವ ದೇಶದವರ ನಾಲಿಗೆಗೂ ಕಷ್ಟವಾಗದ ಹೆಸರೊಂದನ್ನು ಮಗಳಿಗೆ ಇಡಬೇಕೆಂದು ಹುಡುಕುತ್ತಿದ್ದೇವೆ. ತಾರಾ, ಮಾಯಾ, ಮೀರಾ, ಲೀಲಾ ಎಂಬ ನಾಲ್ಕು ಹೆಸರುಗಳು ಪಟ್ಟಿಯಲ್ಲಿ ಉಳಿದಿವೆ. ಆದರೆ ಹೆಸರುಗಳ ಅರ್ಥ ಹೇಳುವ ಜಾಲತಾಣಗಳನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ತಾರಾ ಎಂದರೆ ನಕ್ಷತ್ರ ಎಂದು ಒಂದು ಕಡೆ ಇದ್ದರೆ, ಅದು ಐರಿಷ್ ಹೆಸರು, ಅರ್ಥ ಗುಡ್ಡ ಎಂದು ಇನ್ನೊಂದು ಕಡೆ ಇದೆ. ಲೀಲಾ ಎಂಬುದಕ್ಕೆ 'ರಾತ್ರಿ' ಎಂಬ ಅರ್ಥವನ್ನೂ ಕೊಟ್ಟಿದ್ದಾರೆ. ಇವು ಸಂಸ್ಕೃತದಿಂದ ಹೊರಗೆ ಹೋದ ಹೆಸರುಗಳೇ, ಅಥವಾ ಕೇಳುವುದಕ್ಕೆ ಮಾತ್ರ ಒಂದೇ ತರಹ ಇರುವ ಬೇರೆ ಹೆಸರುಗಳೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಪದಮೂಲ:
ನಿಮ್ಮ ನಾಲ್ಕು ಹೆಸರುಗಳ ವಿಷಯದಲ್ಲಿಯೂ ಹೋಲಿಕೆ ಬಹುಮಟ್ಟಿಗೆ ಆಕಸ್ಮಿಕವಾದುದು. ಐರ್ಲೆಂಡಿನ ತಾರಾ ಮೂಲತಃ ಹೆಂಗಸಿನ ಹೆಸರೇ ಅಲ್ಲ. ಪ್ರಾಚೀನ ಐರಿಷ್ ಅರಸರ ಪೀಠವೆಂದು ಪ್ರಸಿದ್ಧವಾದ, ಮೀಥ್ ಪ್ರಾಂತ್ಯದ ಒಂದು ಗುಡ್ಡದ ಹೆಸರು ಅದು. ಅರಬ್ಬಿಯ ಲೈಲಾ ಎಂಬ ಹೆಸರು 'ರಾತ್ರಿ' ಎಂಬ ಪದದಿಂದ ಬಂದದ್ದು. ಮಜ್ನೂನನ ಪ್ರೇಮಕಥೆಯೊಂದಿಗೆ ಅದು ಪರ್ಷಿಯನ್, ತುರ್ಕಿ, ಉರ್ದು ಭಾಷೆಗಳಿಗೆ ಹಬ್ಬಿತು, ಇಂಗ್ಲಿಷಿನಲ್ಲಿ ಕೆಲವರು ಅದನ್ನು ಲೀಲಾ ಎಂದೇ ಉಚ್ಚರಿಸುವುದರಿಂದ ನಮ್ಮ ಲೀಲೆಯೊಂದಿಗೆ ಬೆರೆತುಹೋಗಿದೆ. ಸ್ಲಾವಿಕ್ ಭಾಷೆಗಳ ಮೀರಾ 'ಮಿರ್' ಎಂಬ ಪದದಿಂದ ಹುಟ್ಟಿದ್ದು, ಆ ಪದಕ್ಕೆ ಶಾಂತಿ ಎಂದೂ ಲೋಕ ಎಂದೂ ಅರ್ಥವಿದೆ. ಮಾಯಾ ಎಂಬ ಹೆಸರನ್ನು ಯುರೋಪಿನವರು ಗ್ರೀಕ್ ಪುರಾಣದಲ್ಲಿ ಹರ್ಮಿಸ್‌ನ ತಾಯಿಯೊಂದಿಗೂ, ಹೀಬ್ರೂ ಮಾತಿನವರು ನೀರು ಎಂಬ ಪದದೊಂದಿಗೂ ಜೋಡಿಸುತ್ತಾರೆ.

ಎರಡೇ ಅಕ್ಷರಗಳ ಹೆಸರುಗಳಲ್ಲಿ ಇಂತಹ ಆಕಸ್ಮಿಕ ತೀರ ಸಹಜ. ಕೊನೆಯ 'ಆ'ಕಾರದ ಕಥೆ ಮಾತ್ರ ಸ್ವಾರಸ್ಯಕರವಾಗಿದೆ: ಸಂಸ್ಕೃತ, ಲ್ಯಾಟಿನ್ ಮತ್ತು ಸ್ಲಾವಿಕ್ ಭಾಷೆಗಳಲ್ಲಿ ಅದು ಒಂದೇ ಇಂಡೋ-ಯುರೋಪಿಯನ್ ಸ್ತ್ರೀಲಿಂಗ ಪ್ರತ್ಯಯದಿಂದ ಬಂದಿದೆ, ಅರಬ್ಬಿ ಮತ್ತು ಹೀಬ್ರೂಗಳಲ್ಲಿ 'ಅತ್' ಎಂಬ ಬೇರೆಯೇ ಪ್ರತ್ಯಯ ಸವೆದು ಅದೇ ಧ್ವನಿಗೆ ಬಂದು ನಿಂತಿದೆ. ಇನ್ನು ತಾರಾ ಎಂಬ ಹೆಸರಿನ ನಿಜವಾದ ಬಂಧುಗಳನ್ನು ಹುಡುಕುವುದಾದರೆ, ಐರ್ಲೆಂಡಿನ ಗುಡ್ಡವನ್ನು ಬಿಟ್ಟು, ಪರ್ಷಿಯನ್ನಿನ ಸಿತಾರಾ ಮತ್ತು ಲ್ಯಾಟಿನ್ನಿನ ಸ್ಟೆಲ್ಲಾ ಕಡೆಗೆ ನೋಡಬೇಕು. ಮೂರೂ ನಕ್ಷತ್ರವನ್ನು ಹೇಳುವ ಒಂದೇ ಮೂಲಪದದ ಸಂತತಿ. ಸಂಸ್ಕೃತದ ರೂಪದಲ್ಲಿ ಮೊದಲಿನ ಸಕಾರ ಬಿದ್ದುಹೋಗಿದೆ, ಅಷ್ಟೆ.

ಹಳೆಯ ಓದುಗ:
ಪದಮೂಲ ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಹೆಸರು ಪ್ರಯಾಣ ಮಾಡುವಾಗ ಕೆಲವೊಮ್ಮೆ ಧ್ವನಿ ಹೋಗುತ್ತದೆ, ಕೆಲವೊಮ್ಮೆ ಅರ್ಥ ಮಾತ್ರ ಹೋಗುತ್ತದೆ. ಗ್ರೀಕಿನಲ್ಲಿ ಮುತ್ತು ಎಂಬರ್ಥದ ಪದವೊಂದು ಮಾರ್ಗರೆಟ್, ಮಾರ್ಗರೀಟಾ, ಜರ್ಮನ್ನಿನ ಗ್ರೆಚೆನ್, ಕೊನೆಗೆ ಮೊಟಕಾದ ರೀಟಾ ಆಯಿತು. ಇಂಗ್ಲಿಷಿನ ಪೆಗ್ಗಿಯೂ ಅದೇ ಮನೆಯವಳೆಂದರೆ ನಂಬುವುದು ಕಷ್ಟ, ಆದರೆ ಮೆಗ್ ಎಂಬ ಮುದ್ದಿನ ಹೆಸರಿನ ಮೂಲಕ ಅದು ನಿಜ. ಇನ್ನೊಂದು ದಾರಿಗೆ ಉದಾಹರಣೆ ಈವ್. ಹೀಬ್ರೂ ಗ್ರಂಥದ ಆದಿಮಾತೆಯ ಹೆಸರನ್ನು ಬದುಕಿಗೆ ಸಂಬಂಧಿಸಿದ್ದೆಂದು ತಿಳಿದು, ಪ್ರಾಚೀನ ಗ್ರೀಕ್ ಅನುವಾದಕರು ಒಂದು ಕಡೆ ಅದನ್ನು ಜೋಯಿ ಎಂದು, ಅಂದರೆ ಜೀವ ಎಂದು ಭಾಷಾಂತರಿಸಿಬಿಟ್ಟರು. ರಷ್ಯನ್ನರ ವೇರಾ, ನದೇಜ್ದಾ, ಲ್ಯುಬೋವ್ ಕೂಡ ಹಾಗೆಯೇ ಗ್ರೀಕ್ ಹೆಸರುಗಳ ಅನುವಾದಗಳು: ನಂಬಿಕೆ, ಭರವಸೆ, ಪ್ರೀತಿ.

ಆದರೂ ನಿಘಂಟಿನ ಅರ್ಥಕ್ಕೆ ನೀವು ಇಷ್ಟು ತೂಕ ಕೊಡಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಸಿಸಿಲಿಯಾ ಎಂಬುದು ರೋಮಿನ ಒಂದು ಕುಲನಾಮದ ಸ್ತ್ರೀರೂಪ, ಆ ಕುಲನಾಮವನ್ನು ಕುರುಡು ಎಂಬ ಪದದೊಂದಿಗೆ ಜೋಡಿಸುತ್ತಾರೆ. ಮಗುವಿಗೆ ಆ ಹೆಸರಿಡುವವರ ಮನಸ್ಸಿನಲ್ಲಿರುವುದು ಸಂಗೀತದ ಪೋಷಕಿಯೆನಿಸಿದ ಸಂತಳೇ ಹೊರತು ಕುರುಡಲ್ಲ. ಮೀರಾ ಎಂದರೆ ನಮಗೆ ನೆನಪಾಗುವುದು 16ನೆಯ ಶತಮಾನದ ಭಕ್ತ ಕವಯಿತ್ರಿ. ಧಾತುವನ್ನು ಯಾರೂ ವಿಚಾರಿಸುವುದಿಲ್ಲ. ರೋಮಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಗಣರಾಜ್ಯದ ಕಾಲದಲ್ಲಿ ಕಾರ್ನೆಲಿಯಸ್ ಕುಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ ಕಾರ್ನೆಲಿಯಾ ಎಂದೇ ಕರೆಸಿಕೊಳ್ಳುತ್ತಿದ್ದರು, ಗುರುತಿಗಾಗಿ ಹಿರಿಯಳು, ಕಿರಿಯಳು, ಮೂರನೆಯವಳು ಎಂದು ಸೇರಿಸುತ್ತಿದ್ದರು. ಅಂತಹ ಹೆಸರಿಗೆ ಅರ್ಥವೆಂದರೆ ತಂದೆಯ ಮನೆತನ, ಅಷ್ಟೇ.

ಚೀನಾದ ಝಾವೊದಿ ಎಂಬ ಹೆಸರಿನಲ್ಲಿ ಅರ್ಥ ಸ್ಪಷ್ಟವಾಗಿದೆ, ಆದರೆ ಅದು ಆ ಹುಡುಗಿಯನ್ನು ಕುರಿತದ್ದಲ್ಲ: 'ತಮ್ಮನನ್ನು ಕರೆತಾ' ಎಂಬುದು ಅದರ ತಾತ್ಪರ್ಯ. ನಮ್ಮ ಸಾಕಮ್ಮನೂ ಎಷ್ಟೋ ಮನೆಗಳಲ್ಲಿ ಇದೇ ಜಾತಿಯ ಹೆಸರು. ಅರ್ಥ ಸುಂದರವಾಗಿದೆಯೇ ಎಂದು ಕೇಳುವ ಮೊದಲು, ಆ ಹೆಸರನ್ನು ಯಾರು ಯಾಕೆ ಇಟ್ಟರು ಎಂದು ಕೇಳುವುದು ಮೇಲು.

ಲಿಪಿಕಾರ:
ಜಪಾನಿನ ಹೆಸರುಗಳ ಬಗ್ಗೆ ಯಾರೂ ಹೇಳಿಲ್ಲ. ಹರುಕೊ ಎಂದರೇನು ಎಂದು ಕೇಳಿದರೆ, ಬರೆದು ತೋರಿಸಿ ಎನ್ನಬೇಕಾಗುತ್ತದೆ. ಏಕೆಂದರೆ 'ಹರು' ಎಂಬ ಧ್ವನಿಯನ್ನು ವಸಂತ, ಶುಭ್ರ ಆಕಾಶ, ಬಿಸಿಲು ಎಂಬ ಅರ್ಥಗಳ ಬೇರೆ ಬೇರೆ ಚಿತ್ರಾಕ್ಷರಗಳಿಂದ ಬರೆಯಬಹುದು. 'ಕೊ' ಎಂದರೆ ಮಗು. ಘಾನಾದ ಅಕಾನ್ ಜನರಲ್ಲಿಯಾದರೋ ಹುಟ್ಟಿದ ವಾರವೇ ಹೆಸರಾಗುತ್ತದೆ: ಗುರುವಾರ ಹುಟ್ಟಿದವಳು ಯಾ, ಶುಕ್ರವಾರದವಳು ಅಫುವಾ, ಶನಿವಾರದವಳು ಅಮಾ. 1900ರಲ್ಲಿ ಬ್ರಿಟಿಷರ ವಿರುದ್ಧ ಅಸಾಂತೆಯರ ಯುದ್ಧದ ನೇತೃತ್ವ ವಹಿಸಿದ ಯಾ ಅಸಾಂತೆವಾ ಅವರ ಹೆಸರಿನಲ್ಲಿ ಆ ಗುರುವಾರ ಇಂದಿಗೂ ಉಳಿದಿದೆ.

ನಾಮಾನ್ವೇಷಿ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ತಾರಾ ಎಂದು ಇಟ್ಟರೆ ಐರಿಷ್ ಹೆಸರೆಂದು ತಿಳಿಯುವವರು ಇದ್ದೇ ಇರುತ್ತಾರೆ ಎಂದಾಯಿತು. ಅದು ತೊಂದರೆಯೇ?

ಪದಮೂಲ:
ತೊಂದರೆಯೇನೂ ಇಲ್ಲ. ಗಮನಿಸಬೇಕಾದದ್ದು ಉಚ್ಚಾರವನ್ನು. ಕನ್ನಡದಲ್ಲಿ ತಾರಾ ಎಂದು ಬರೆದರೆ ಎರಡೂ ಸ್ವರಗಳು ದೀರ್ಘವೆಂಬುದು ಸ್ಪಷ್ಟ. ರೋಮನ್ ಲಿಪಿಯಲ್ಲಿ ಹ್ರಸ್ವ, ದೀರ್ಘಗಳ ಭೇದ ಅಳಿಸಿಹೋಗುವುದರಿಂದ ಕೆಲವರು 'ಟ್ಯಾರ' ಎನ್ನುತ್ತಾರೆ. ಲೀಲಾ ಎಂಬುದನ್ನು ಆ ಲಿಪಿಯಲ್ಲಿ ಬರೆಯುವಾಗ ಎರಡು 'ಇ' ಅಕ್ಷರಗಳನ್ನು ಬಳಸಿದರೆ ಲೈಲಾ ಎಂದು ಓದುವವರು ಕಡಿಮೆಯಾಗುತ್ತಾರೆ. ದಾಖಲೆಗಳಲ್ಲಿ ಯಾವ ಕಾಗುಣಿತ ಇರಬೇಕೆಂಬುದನ್ನು ಜನನ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮೊದಲೇ ನಿರ್ಧರಿಸಿಕೊಳ್ಳಿ.