ಸಹಾಯ ಬೇಕು: ಬೂಸ್ಟ್ ಕನ್ವರ್ಟರ್ ಕೀರಲು ಸದ್ದು ಮಾಡ್ತಿದೆ

ಎಲ್ಲರಿಗೂ ನಮಸ್ಕಾರ. ಊರು ಬದಿಯಡ್ಕದ ಹತ್ತಿರ. ಅಡಿಕೆ ತೋಟದ 48 ವೋಲ್ಟ್ ಪಂಪಿಗೆ ಸೋಲಾರ್ ಪ್ಯಾನೆಲ್‌ನಿಂದ ಕರೆಂಟ್ ಕೊಡಲು ನಾನೇ ಒಂದು ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಕಟ್ಟಿದ್ದೇನೆ. ಕಂಟ್ರೋಲ್ ಸ್ಲೈಡಿಂಗ್ ಮೋಡ್, ಅಂದರೆ ಅಳೆದದ್ದು ಗುರಿಯ ಯಾವ ಬದಿಗಿದೆ ಅಂತ ನೋಡಿ ಸ್ವಿಚ್ ಆನ್-ಆಫ್ ಮಾಡುವ ವಿಧಾನ. ಮೊದಲು ಔಟ್‌ಪುಟ್ ವೋಲ್ಟೇಜನ್ನೇ ನೇರ ಹಿಡಿಯಲು ಹೋಗಿ ಒಂದು ಮಾಸ್ಫೆಟ್ (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್) ಸುಟ್ಟುಕೊಂಡೆ. ಬೂಸ್ಟ್‌ನಲ್ಲಿ ಸ್ವಿಚ್ ಆನ್ ಇರುವ ಹೊತ್ತು ಹೆಚ್ಚಿಸಿದರೆ ಔಟ್‌ಪುಟ್ ಮೊದಲು ಇಳಿದು ಆಮೇಲೆ ಏರುವುದಲ್ಲವೇ, ಹಾಗಾಗಿ ವೋಲ್ಟೇಜ್ ಒಂದು ಕಡೆ ನಿಲ್ಲುವುದೇ ಇಲ್ಲ. ಈಗ ಇಂಡಕ್ಟರ್ (ಕಾಯಿಲ್) ಕರೆಂಟನ್ನು ಮೇಲೊಂದು ಕೆಳಗೊಂದು ಮಿತಿಯ ನಡುವೆ, ಅಂದರೆ ಹಿಸ್ಟರಿಸಿಸ್‌ನಲ್ಲಿ ಹಿಡಿದು, ವೋಲ್ಟೇಜ್ ನೋಡಿ ಆ ಕರೆಂಟಿನ ಗುರಿ ಹೇಳಲು ಹೊರಗೆ ಒಂದು ಪಿಐ ಲೂಪ್ ಇಟ್ಟಿದ್ದೇನೆ.

ಇಂಡಕ್ಟರ್ 220 ಮೈಕ್ರೋಹೆನ್ರಿ, ಬ್ಯಾಂಡ್ (ಆ ಎರಡು ಮಿತಿಗಳ ಅಂತರ) 2 ಆಂಪಿಯರ್. ಇನ್‌ಪುಟ್ 24 ವೋಲ್ಟ್ ಇದ್ದಾಗ ಸ್ವಿಚಿಂಗ್ ಸುಮಾರು 27 ಕಿಲೋಹರ್ಟ್ಸ್, ತೊಂದರೆ ಇಲ್ಲ. ಪಂಪ್ ನಿಧಾನ ಓಡುವಾಗ ಇನ್‌ಪುಟ್ 42ಕ್ಕೆ ಏರುತ್ತದೆ, ಆಗ ಸ್ವಿಚಿಂಗ್ ಕಿವಿಗೆ ಕೇಳುವ 12 ಕಿಲೋಹರ್ಟ್ಸ್‌ಗೆ ಕುಸಿದು ಕಾಯಿಲ್ ಕೀಂ ಅನ್ನುತ್ತದೆ. "ಎಂತ ಮಾರಾಯ, ಜೀರುಂಡೆ ಸಾಕಿದ್ದೀಯಾ?" ಅಂತ ಅಪ್ಪ ಕೇಳಿಯಾಯಿತು. ಬ್ಯಾಂಡ್ 0.6 ಆಂಪಿಯರಿಗೆ ಇಳಿಸಿದರೆ ಸದ್ದು ಹೋಯಿತು, ಆದರೆ ಮೋಡ ಕವಿದು ಇನ್‌ಪುಟ್ 24ಕ್ಕೆ ಬಂದಾಗ ಸ್ವಿಚಿಂಗ್ 90 ಕಿಲೋಹರ್ಟ್ಸ್ ದಾಟಿ ಹೀಟ್‌ಸಿಂಕ್ ಮುಟ್ಟಲಾಗುವುದಿಲ್ಲ.

ಇನ್‌ಪುಟ್ ನೋಡಿ ಬ್ಯಾಂಡ್ ಬದಲಿಸುತ್ತಾ ಹೋಗಲೇ? ಕರೆಂಟ್ ಹೆಚ್ಚಾದಾಗ ಕೋರ್ (ಕಾಯಿಲ್ ಒಳಗಿನ ಕಾಂತೀಯ ತಿರುಳು) ಸ್ಯಾಚುರೇಟ್ ಆಗಿ ಇಂಡಕ್ಟನ್ಸ್ ಇಳಿಯುತ್ತದೆ, ಲೆಕ್ಕ ತಪ್ಪೀತು ಅಂತ ಅನುಮಾನ. ಇಲ್ಲವೇ ಈಕ್ವಿವಲೆಂಟ್ ಕಂಟ್ರೋಲನ್ನೇ (ಆನ್-ಆಫ್ ಆಟದ ಸರಾಸರಿ) ಡ್ಯೂಟಿಯಾಗಿ (ಪ್ರತಿ ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು) ಲೆಕ್ಕ ಹಾಕಿ, ಸ್ಥಿರ ಫ್ರೀಕ್ವೆನ್ಸಿಯ ಪಿಡಬ್ಲ್ಯುಎಂಗೆ (ಆನ್ ಹೊತ್ತನ್ನಷ್ಟೇ ಬದಲಿಸುವ ಸ್ವಿಚಿಂಗ್) ಕೊಡಲೇ? ಹಾಗೆ ಮಾಡಿದರೆ ಪಂಪ್ ಸ್ಟಾರ್ಟ್ ಆಗುವಾಗಿನ ಚುರುಕುತನ ಉಳಿಯುತ್ತದಾ? ಪುಸ್ತಕದ ಮಾತು ಬೇಡ, ಬೋರ್ಡ್ ಮೇಲೆ ಮಾಡಿ ನೋಡಿದವರು ದಯವಿಟ್ಟು ಹೇಳಿ. ಸ್ಕೋಪ್ ಫೋಟೋ ಬೇಕಾದರೆ ಸಂಜೆ ಹಾಕುತ್ತೇನೆ.