ಪದಚರ್ಚೆ: ‘ಡಿಫಾಲ್ಟ್’ ಸೌಂಡ್ ಕಾರ್ಡ್ – ಪೂರ್ವನಿಯೋಜಿತವೋ, ಮಾಮೂಲಿಯೋ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ತೆರೆಯಲ್ಲಿ ಕಾಣುವ ‘ಡಿಫಾಲ್ಟ್’ ಅನ್ನೋ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? ಹಳೇ ಜಗಳ, ಗೊತ್ತು. ಆದರೆ ಹೋದ ವಾರ ಅದರ ಕನ್ನಡ ರೂಪ ಒಬ್ಬರ ದಾರಿ ತಪ್ಪಿಸಿದ್ದನ್ನು ನಾನೇ ಕಂಡೆ. ಅದಕ್ಕೇ ಮತ್ತೆ ಕೆದಕುತ್ತಿದ್ದೇನೆ.

ನಮ್ಮ ಭಾವನವರದು ತಿಪಟೂರಿನ ಹತ್ತಿರ ತೆಂಗಿನ ತೋಟ. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಮಗ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ತೆರೆಯ ಭಾಷೆ ಕನ್ನಡ ಮಾಡಿಕೊಟ್ಟು ಬೆಂಗಳೂರಿಗೆ ಹೋಗಿದ್ದಾನೆ. ಮೊನ್ನೆ ಹೊಸ ಮಾನಿಟರ್ ತಂದು ಎಚ್‌ಡಿಎಂಐ ಕೇಬಲ್ ಚುಚ್ಚಿದರು. ಚಿತ್ರ ಚೆನ್ನಾಗಿ ಬಂತು, ಸದ್ದು ಹೋಯಿತು. ಹರಿಕಥೆ ಓಡುತ್ತಿದೆ, ದಾಸರ ಬಾಯಿ ಆಡುತ್ತಿದೆ, ಸ್ಪೀಕರ್ ಗಪ್‌ಚುಪ್. ನನಗೆ ಫೋನ್ ಬಂತು.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಆ ಮಾನಿಟರಿಗೆ ಸ್ಪೀಕರ್ ಇಲ್ಲ, ಬೆನ್ನಲ್ಲಿ ಒಂದು ಹೆಡ್‌ಫೋನ್ ತೂತು ಇದೆ ಅಷ್ಟೆ. ಆ ತೂತಿನ ಬಲದ ಮೇಲೇ ಅದು ‘ನನಗೂ ಸದ್ದು ಕಳಿಸಿ’ ಅಂತ ಕಂಪ್ಯೂಟರಿಗೆ ಅರ್ಜಿ ಹಾಕುತ್ತದೆ.

‘ಭಾವ, ನಿಮ್ಮ ಕಂಪ್ಯೂಟರಲ್ಲಿ ಎರಡು ಸೌಂಡ್ ಕಾರ್ಡ್ ಇವೆ’ ಅಂದೆ.

‘ಎರಡೆಲ್ಲಿಂದ ಬಂತಯ್ಯಾ? ನಾನು ಒಂದೂ ತಂದಿಲ್ಲವಲ್ಲ!’

ಅವರು ಹೇಳಿದ್ದೂ ಸರಿಯೇ. ಕಾರ್ಡ್ ಅಂದರೆ ಅವರಿಗೆ ರೇಷನ್ ಕಾರ್ಡು, ಎಟಿಎಂ ಕಾರ್ಡು. ಸೌಂಡ್ ಕಾರ್ಡ್ ಅಂದರೆ ಕಂಪ್ಯೂಟರಿನಲ್ಲಿ ಸದ್ದು ಹೊರಡಿಸುವ ಭಾಗ. ಈಗ ಅದು ಸಾಮಾನ್ಯವಾಗಿ ಕೈಗೆ ಸಿಗುವ ವಸ್ತುವೇ ಅಲ್ಲ, ಚಿಪ್ಪಿನೊಳಗೆ ಸೇರಿಕೊಂಡಿರುತ್ತದೆ. ಹೆಸರು ಮಾತ್ರ ಕಾರ್ಡು.

ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆಸಿ ‘ಎಪ್ಲೇ’ (aplay) ಅಂತ ಬರೆಸಿ, ಜಾಗ ಬಿಡಿಸಿ, ಅಡ್ಡಗೆರೆ ಹಾಕಿ ಚಿಕ್ಕ ಎಲ್ ಒತ್ತಿಸಿದೆ. ಕಾರ್ಡುಗಳ ಪಟ್ಟಿ ಬಂತು. ಕಾರ್ಡ್ 0 ಎಚ್‌ಡಿಎಂಐ, ಕಾರ್ಡ್ 1 ಮದರ್‌ಬೋರ್ಡಿನದು, ಸ್ಪೀಕರ್ ಇರುವುದು ಇದಕ್ಕೇ. 2013ರ ಇಂಟೆಲ್ ಹ್ಯಾಸ್‌ವೆಲ್ ಪ್ರೊಸೆಸರ್ ಕಾಲದ ಯಂತ್ರಗಳಲ್ಲಿ ಈ ಕ್ರಮ ಜಾಸ್ತಿ ಕಾಣುತ್ತದೆ. ‘ನಮಗೆ ಒಂದನೇ ಕಾರ್ಡ್ ಬೇಕು’ ಅಂದೆ. ಅವರು ಮೊದಲ ಸಾಲಿನದನ್ನೇ ಹಿಡಿದುಕೊಂಡರು! ತಪ್ಪು ನನ್ನದೇ. ಎಣಿಕೆ ಸೊನ್ನೆಯಿಂದ ಶುರುವಾದರೆ ‘ಒಂದನೇ’ದು ‘ಮೊದಲನೇ’ದಲ್ಲ. ಶಾಲೆಯಲ್ಲೂ ಒಂದನೇ ಕ್ಲಾಸಿಗೆ ಮೊದಲು ಯುಕೆಜಿ ಇರುತ್ತದಲ್ವಾ, ಹಾಗೆ. ಈಗ ‘ಒಂದನೇ ನಂಬರಿನ ಕಾರ್ಡ್’ ಅಂತಲೇ ಹೇಳುತ್ತೇನೆ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಸೌಂಡ್ ಸೆಟ್ಟಿಂಗ್ ತೆರೆಸಿದಾಗ ಎಚ್‌ಡಿಎಂಐ ಸಾಲಿನ ಪಕ್ಕ ‘ಪೂರ್ವನಿಯೋಜಿತ’ ಅಂತಿತ್ತು. ‘ಅದನ್ನು ಬದಲಾಯಿಸಿ’ ಅಂದೆ. ಭಾವ ಒಪ್ಪಲಿಲ್ಲ. ‘ಮೊದಲೇ ನಿಯೋಜಿಸಿದ್ದಾರೆ ಅಂತ ಬರೆದಿದೆಯಲ್ಲ. ಕಂಪನಿಯವರು ಮಾಡಿಟ್ಟದ್ದನ್ನು ನಾನು ಯಾಕೆ ಮುಟ್ಟಲಿ?’

ಪದ ಹೇಳಿದ್ದನ್ನೇ ಅವರು ಕೇಳಿದ್ದು. ಪೂರ್ವನಿಯೋಜಿತ ಅಂದರೆ ಯಾರೋ ಮೇಲಿನವರು ಮೊದಲೇ ತೀರ್ಮಾನ ಮಾಡಿ ಮುಗಿಸಿದ್ದು ಅನ್ನುವ ಧಾಟಿ. ಡಿಫಾಲ್ಟ್‌ನಲ್ಲಿ ಆ ಅರ್ಥ ಇಲ್ಲ. ನೀವು ಏನೂ ಹೇಳದೆ ಹೋದರೆ ಏನಾಗುತ್ತದೋ ಅದು ಡಿಫಾಲ್ಟ್. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ಅಲ್ಲಿ ಡಿಫಾಲ್ಟ್ ಅಂದರೆ ‘ಸುಸ್ತಿ’, ಮಾಡಿದವನು ಸುಸ್ತಿದಾರ. ಎರಡೂ ಕಡೆ ಬೇರು ಒಂದೇ: ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ಸಾಲ ಕಟ್ಟದೆ ಬಿಟ್ಟರೆ ಸುಸ್ತಿ, ಆರಿಸದೆ ಬಿಟ್ಟರೆ ಡಿಫಾಲ್ಟ್. ಹಾಗಂತ ‘ಸುಸ್ತಿ ಸೌಂಡ್ ಕಾರ್ಡ್’ ಅನ್ನೋಕಾಗಲ್ಲ, ಜಪ್ತಿಗೆ ಬರುತ್ತಾರೆ ಅಂದುಕೊಂಡಾರು.

ನನ್ನ ಮನಸ್ಸಲ್ಲಿದ್ದದ್ದು ‘ಮಾಮೂಲಿ’. ದಿನಾ ಹೋಗುವ ಹೋಟೆಲಲ್ಲಿ ಕೂತು ‘ಮಾಮೂಲಿ’ ಅಂದರೆ ಸಾಕು, ಸಕ್ಕರೆ ಕಡಿಮೆ ಸ್ಟ್ರಾಂಗ್ ಕಾಫಿ ಬರುತ್ತದೆ. ಬೇರೆ ಬೇಕಾದ ದಿನ ಬಾಯಿ ಬಿಟ್ಟು ಹೇಳಿದರಾಯಿತು. ಬದಲಾಯಿಸಬಹುದು ಅನ್ನುವುದು ಆ ಪದದಲ್ಲೇ ಇದೆ. ಆಫೀಸಿನ ಮೇಜಿನ ಕೆಳಗಿನ ‘ಮಾಮೂಲು’ ನೆನಪಾಗುತ್ತದೆ ಅಂತ ಯಾರಾದರೂ ಅಂದರೆ, ಅದು ‘ಲು’, ಇದು ‘ಲಿ’.

ಆದರೆ ಭಾವನವರ ಕಂಪ್ಯೂಟರ್ ಈ ವಾದಕ್ಕೂ ಒಂದು ಕೊಕ್ಕೆ ಹಾಕಿತು. ಕೊನೆಗೂ ಒಪ್ಪಿಸಿ ಡಿಫಾಲ್ಟ್ ಬದಲಾಯಿಸಿದೆವು. ಟೆಸ್ಟ್ ಸದ್ದು ಸ್ಪೀಕರ್‌ನಲ್ಲಿ ಬಂತು. ಹರಿಕಥೆ ಬರಲಿಲ್ಲ! ಲಿನಕ್ಸಿನಲ್ಲಿ ಸದ್ದು ಹಂಚುವ ಕೆಲಸ ಮಾಡುವ ಪಲ್ಸ್‌ಆಡಿಯೋ, ಪ್ರತಿಯೊಂದು ಪ್ರೋಗ್ರಾಮೂ ಹಿಂದೆ ಯಾವ ಕಡೆ ಸದ್ದು ಕಳಿಸುತ್ತಿತ್ತು ಅಂತ ನೆನಪಿಟ್ಟುಕೊಳ್ಳುತ್ತದೆ. ಬ್ರೌಸರ್ ಎಚ್‌ಡಿಎಂಐಯನ್ನೇ ಹಿಡಿದು ಕೂತಿತ್ತು. ವಾಲ್ಯೂಮ್ ಕಂಟ್ರೋಲ್‌ನ ಪ್ಲೇಬ್ಯಾಕ್ ಪುಟದಲ್ಲಿ ಅದನ್ನು ಬೇರೆಯಾಗಿ ತಿರುಗಿಸಬೇಕಾಯಿತು. ಈಗ ಹೇಳಿ, ಇದರಲ್ಲಿ ‘ಮಾಮೂಲಿ’ ಯಾವುದು? ಬ್ರೌಸರ್‌ನ ಹಳೇ ಚಾಳಿಯೋ, ಏನೂ ಹೇಳದಿದ್ದಾಗ ಸಿಗುವ ಕಾರ್ಡೋ? ಕಾಫಿಯ ಲೆಕ್ಕದಲ್ಲಿ ನೋಡಿದರೆ ಚಾಳಿಯೇ ಮಾಮೂಲಿ. ಅದೇ ವಾಲ್ಯೂಮ್ ಕಂಟ್ರೋಲಿನ ಇಂಗ್ಲಿಷ್ ತೆರೆಯಲ್ಲಿ ಹಸಿರು ಗುರುತಿನ ಗುಂಡಿಯ ಮೇಲೆ ‘ಡಿಫಾಲ್ಟ್’ ಅಂತಿರದೆ ‘ಫಾಲ್‌ಬ್ಯಾಕ್’ (ಬೇರೇನೂ ಗೊತ್ತಿಲ್ಲದಾಗ ಹಿಡಿಯುವ ದಾರಿ) ಅಂತಿರುವುದನ್ನು ನೋಡಿದ್ದೇನೆ. ಅದಕ್ಕೆ ಇದೇ ಕಾರಣ ಇರಬಹುದೇನೋ.

ಹಾಗಾಗಿ ನನ್ನ ಒಲವು ಈಗ ಸ್ವಲ್ಪ ಜರುಗಿದೆ. ಡಿಫಾಲ್ಟ್‌ಗೆ ‘ಹೇಳದಿದ್ದರೆ ಇದು’ ಅಂತ ಬಿಡಿಸಿ ಬರೆಯುವುದು, ನೆನಪಿಟ್ಟುಕೊಂಡದ್ದಕ್ಕೆ ‘ಮಾಮೂಲಿ’ ಅನ್ನುವುದು. ಗುಂಡಿಯ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ ಯಾರಿಗಾದರೂ ಹೊಳೆದರೆ ತಿಳಿಸಿ.

‘ಮ್ಯೂಟ್’ ಬಗ್ಗೆ ನನಗೆ ತಕರಾರಿಲ್ಲ. ಆನ್‌ಲೈನ್ ಮೀಟಿಂಗ್‌ಗಳು ಅದನ್ನು ಮನೆಮನೆಯ ಮಾತು ಮಾಡಿವೆ. ‘ಮೂಕ’ ಅಂತ ಮಾತ್ರ ಬರೆಯಬೇಡಿ. ಮೂಕನಿಗೆ ಮಾತು ಬರುವುದಿಲ್ಲ, ಮ್ಯೂಟ್ ಆದದ್ದು ಒಂದು ಒತ್ತಿದರೆ ಮಾತಾಡುತ್ತದೆ.

ಇನ್ನೊಂದು ಪದ ‘ಸಿಂಕ್’. ಸದ್ದು ಹರಿದು ಹೋಗಿ ಸೇರುವ ಜಾಗಕ್ಕೆ ಪಲ್ಸ್‌ಆಡಿಯೋದವರು ಇಟ್ಟ ಹೆಸರು. ಲಿನಕ್ಸಿನ ಒಂದು ಬಗೆಯಾದ ಫೆಡೋರಾ 2021ರಲ್ಲಿ 34ನೇ ಆವೃತ್ತಿಯಿಂದ ಪಲ್ಸ್‌ಆಡಿಯೋ ಜಾಗಕ್ಕೆ ಅದೇ ಕೆಲಸದ ಪೈಪ್‌ವೈರ್ ತಂದ ಮೇಲೂ ಆ ಹೆಸರು ಹೋಗಿಲ್ಲ. ನಮ್ಮಲ್ಲಿ ಸಿಂಕ್ ಅಂದರೆ ಪಾತ್ರೆ ತೊಳೆಯುವ ಜಾಗ. ಭಾವನವರಿಗೆ ಹೇಗೆ ಹೇಳುವುದು ಅಂತ ತಡಕಾಡುತ್ತಿದ್ದೆ. ‘ಸದ್ದು ಬರುತ್ತಲೇ ಇದೆ ಭಾವ, ಮೀಟರ್ ಆಡುತ್ತಿದೆ ನೋಡಿ. ಹೋಗಿ ಸೇರುತ್ತಿರುವುದು ಬೇರೆ ಕಡೆ’ ಅಂದೆ. ಅವರು ಅರೆಗಳಿಗೆ ಸುಮ್ಮನಿದ್ದು, ‘ಓ, ನೀರು ಪಕ್ಕದ ಪಾತಿಗೆ ಹೋಗ್ತಿದೆ ಅನ್ನು!’ ಅಂದರು.

ಪಾತಿ! ಗಿಡದ ಬುಡದಲ್ಲಿ ನೀರು ನಿಲ್ಲಲು ಮಾಡುವ ತಗ್ಗು. ಕಾಲುವೆಯಿಂದ ಯಾವ ಪಾತಿಗೆ ಬೇಕೋ ಅದಕ್ಕೆ ನೀರು ತಿರುಗಿಸುತ್ತೇವೆ. ಸಿಂಕ್‌ಗೆ ಇದಕ್ಕಿಂತ ಹತ್ತಿರದ್ದು ನನಗಂತೂ ಸಿಕ್ಕಿಲ್ಲ. ಉತ್ತರ ಕರ್ನಾಟಕದವರು, ಕರಾವಳಿಯವರು ಇದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ‘ಪಾತಿ’ ಅಂತ ತೆರೆಯ ಮೇಲೆ ಕಂಡರೆ ನಿಮಗೆ ತಟ್ಟನೆ ತಿಳಿಯುತ್ತದಾ?